ಚರ್ಚಿನ ಅಂಗಳದಲ್ಲಿ ಚಿನ್ನಯ್ಯ ಇಳಿಸಿದ ಮಂದೆ

ಚಳ್ಳಕೆರೆಗೆ ಸ್ವೆಟರ್ ಮಾರಲು ಬರುತ್ತಾರೆಂದರೆ ಅವರ ಧೈರ್ಯ ಎಂಥದ್ದಿರಬೇಕು, ನೀವೇ ಯೋಚಿಸಿ. ವರ್ಷದಲ್ಲಿ ಹತ್ತು ತಿಂಗಳು ನೆತ್ತಿ ಸುಡುವ ಊರು ಇದು. ಉಳಿದೆರಡು ತಿಂಗಳ ಮುಂಜಾವಿನ ಚಳಿಗೆ ಇಲ್ಲಿನವರ ಹೆಗಲ ಮೇಲೆ ಇಲ್ಲಿನದೇ ಕಂಬಳಿ ಇರುತ್ತದೆ. ಆ ಕಂಬಳಿ ಕೊಳ್ಳಲು ಹೊರಜಿಲ್ಲೆಗಳ ಜನ ಇಲ್ಲಿನ ಸಂತೆಗೆ ಬರುತ್ತಾರೆ. ಅಂಥ ಊರಿಗೆ ಪ್ರತಿವರ್ಷ ಚಳಿ ಶುರುವಾಗುವ ಹೊತ್ತಿಗೆ ಮುಂಡಗೋಡಿನ ಟಿಬೆಟನ್ನರು ಬಣ್ಣಬಣ್ಣದ ಸ್ವೆಟರುಗಳ ಗಂಟು ಹೊತ್ತು ಬಸ್ಸಿನಿಂದ ಇಳಿಯುತ್ತಿದ್ದರು.

ಚರ್ಚಿನ ಕಾವಲುಗಾರ ಚಿನ್ನಯ್ಯನಿಗಂತೂ ಅವರನ್ನು ಕಂಡರೆ ನಗು ತಡೆಯುತ್ತಿರಲಿಲ್ಲ. "ಕುರಿಗಳಿಗೇ ಉಣ್ಣೆ ಮಾರೋಕೆ ಬಂದವ್ರೆ ಕಣೇ," ಎಂದು ಹೆಂಡತಿ ಬೋರಕ್ಕನ ಮುಂದೆ ಹೇಳಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ನಗುವವನಿಗೆ ಮುಂದೇನು ಕಾದಿದೆ ಎಂದು ಗೊತ್ತಿರುವುದಿಲ್ಲ. 1998ರ ನವೆಂಬರಿನ ಒಂದು ಮಧ್ಯಾಹ್ನ ಇದೇ ಚಿನ್ನಯ್ಯ, ಎದೆಯ ಮೇಲೆ ಎರಡು ಜಿಂಕೆ ನೆಗೆಯುವ ಕೆಂಪು ಸ್ವೆಟರ್ ತೊಟ್ಟು, ಬೆವರು ಸುರಿಸುತ್ತ, ಒಬ್ಬ ಟಿಬೆಟಿನ ಅಜ್ಜಿಯ ಪಕ್ಕ ಲಗೇಜ್ ಆಟೋದಲ್ಲಿ ಕೂತು, ಒಂದು ಹಳೇ ಕಂಬಳಿಯನ್ನು ಹುಡುಕಿಕೊಂಡು ಅರ್ಧ ತಾಲ್ಲೂಕು ಸುತ್ತಿದ. ಆ ಕಥೆಯನ್ನು ಸರಿಯಾಗಿ ಹೇಳಬೇಕಾದರೆ ಚಿನ್ನಯ್ಯನಿಂದಲೇ ಶುರುಮಾಡಬೇಕು.

ಚಿನ್ನಯ್ಯ ಹುಟ್ಟಿದ್ದು ಮನೆಯಲ್ಲಲ್ಲ, ಮಂದೆಯಲ್ಲಿ. ಅವನ ಅವ್ವ ತುಂಬು ಬಸುರಿಯಾಗಿ ಕುರಿಗಳ ಹಿಂದೆ ಹೊರಟವಳು, ಮೊಳಕಾಲ್ಮೂರಿನಾಚೆ ಆಂಧ್ರದ ಗಡಿಯಲ್ಲಿ ಯಾರದೋ ಹೊಲದ ಬದುವಿನ ಮೇಲೆ ಅವನನ್ನು ಹೆತ್ತಳು. ಯಾವ ಹೊಲ, ಯಾವ ಊರು, ಯಾವ ರಾಜ್ಯ ಎಂಬುದು ಅವಳಿಗೇ ಖಾತ್ರಿ ಇರಲಿಲ್ಲ. "ಒಂದು ದೊಡ್ಡ ಹುಣಸೇಮರ ಇತ್ತು ಕಣಪ್ಪ," ಎಂದಷ್ಟೇ ಹೇಳುತ್ತಿದ್ದಳು. ಹಾಗಾಗಿ "ಯಾವೂರಯ್ಯ ನಿಂದು" ಎಂದು ಯಾರಾದರೂ ಕೇಳಿದರೆ ಚಿನ್ನಯ್ಯ ತಡವರಿಸುತ್ತಿದ್ದ. ಹಟ್ಟಿಯ ಹೆಸರು ಹೇಳೋಣವೆಂದರೆ ಅಲ್ಲಿ ಅವನ ಗುಡಿಸಲು ಬಿದ್ದು ಎಷ್ಟೋ ಕಾಲವಾಗಿತ್ತು. ಚಳ್ಳಕೆರೆ ಎನ್ನೋಣವೆಂದರೆ ಅಲ್ಲಿ ತನ್ನದೆಂಬ ಗೇಣು ಜಾಗ ಇರಲಿಲ್ಲ. "ಈ ಕಡೆಯೋನೇ ಸ್ವಾಮಿ," ಎಂದು ಗಾಳಿಯಲ್ಲಿ ಕೈ ಆಡಿಸಿ ಮುಗಿಸುತ್ತಿದ್ದ. ಆ ಕೈ ಪ್ರತಿಸಲವೂ ಬೇರೆ ದಿಕ್ಕು ತೋರಿಸುತ್ತಿತ್ತು.

ಚರ್ಚಿಗೆ ಬಂದದ್ದೂ ಮಂದೆಯ ಜೊತೆಗೇ. ಪಾವಗಡ ರಸ್ತೆಯ ಆ ಪುಟ್ಟ ಚರ್ಚಿನ ಹಿಂದೆ ಖಾಲಿ ಜಾಗ ಇತ್ತು. ಗಿಡ ಬೆಳೆಸುವ ಹುಚ್ಚಿದ್ದ ಆಗಿನ ಪಾದ್ರಿಗಳು ಗೊಬ್ಬರಕ್ಕೆಂದು ಅಲ್ಲಿ ಎರಡು ದಿನ ಕುರಿ ನಿಲ್ಲಿಸಲು ಹೇಳಿದ್ದರು. ಎರಡನೇ ದಿನ ಚಿನ್ನಯ್ಯ ಸೊಪ್ಪು ಕಡಿಯಲು ಬೇವಿನ ಮರ ಹತ್ತಿ, ಸೊಪ್ಪಿನ ಜೊತೆಗೆ ತಾನೂ ಕೆಳಗೆ ಬಂದ. ಕಾಲು ಮುರಿಯಿತು. ಮಂದೆ ಮುಂದಿನ ಊರಿಗೆ ಹೋಯಿತು, ಚಿನ್ನಯ್ಯ ಉಳಿದ. ಪಾದ್ರಿಗಳ ಹೆಂಡತಿ ಮೂರು ತಿಂಗಳು ಅವನಿಗೆ ಮುದ್ದೆ ಸಾರು ಹಾಕಿದರು. ಮೂಳೆ ಕೂಡುವ ಹೊತ್ತಿಗೆ ಚರ್ಚಿನ ಬೀಗದ ಕೈ ಅವನ ಉಡಿದಾರಕ್ಕೆ ಬಂದು ಸೇರಿತ್ತು. ಆಮೇಲೆ ಬೋರಕ್ಕ ಬಂದಳು, ಕಾಂಪೌಂಡಿನ ಮೂಲೆಯ ಕೋಣೆಯಲ್ಲಿ ಒಲೆ ಹೂಡಿದಳು. ಪಾದ್ರಿಗಳು ಬದಲಾದರು, ಚಿನ್ನಯ್ಯ ಬದಲಾಗಲಿಲ್ಲ. ಭಾನುವಾರ ಗಂಟೆ ಹೊಡೆಯುತ್ತಿದ್ದ, ವರ್ಷಕ್ಕೊಮ್ಮೆ ಹಟ್ಟಿಯ ದೇವರಿಗೆ ಹೋಗಿ ಬರುತ್ತಿದ್ದ. ಒಳಗೆ ಬಂದು ಕೂರು ಎಂದು ಯಾರಾದರೂ ಕರೆದರೆ, "ಗಂಟೆ ಹೊಡೆಯೋದು ನನ್ನ ಕೆಲ್ಸ, ಒಳಗೆ ಕೂರೋದು ನಿಮ್ಮ ಕೆಲ್ಸ. ನಾನೂ ಕೂತ್ರೆ ನಿಮ್ಮ ಚಪ್ಲಿ ಯಾರು ಕಾಯ್ತಾರೆ," ಎನ್ನುತ್ತಿದ್ದ.

1997ರಲ್ಲಿ ಹೊಸ ಪಾದ್ರಿಗಳಾಗಿ ಬಂದವರು ಪ್ರಭುದಾಸ ಅಯ್ಯನವರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಒಳ್ಳೆಯ ಮನಸ್ಸು, ಎಲ್ಲದಕ್ಕೂ ಭಯ. ಅದೇ ಚಳಿಗಾಲದಲ್ಲಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿದ್ದ ಹಳೇ ಲಾಡ್ಜನ್ನು ಕೆಡವಿದ್ದರಿಂದ ಟಿಬೆಟನ್ನರಿಗೆ ಉಳಿಯಲು ಜಾಗವಿಲ್ಲದಾಯಿತು. ನಾಲ್ಕು ಮಂದಿ ಚರ್ಚಿನ ಗೇಟಿನ ಮುಂದೆ ಗಂಟು ಇಳಿಸಿ ನಿಂತರು. ಯಾಂಗ್‌ಚೆನ್ ಎಂಬ ಅಜ್ಜಿ, ಅವಳ ತಂಗಿ, ಮಗಳು, ಅಳಿಯ.

ವಿದೇಶದವರಿಗೆ ಕನ್ನಡ ತಿಳಿಯಬೇಕಾದರೆ ಜೋರಾಗಿ ಮಾತಾಡಬೇಕು ಎಂಬುದು ಚಿನ್ನಯ್ಯನ ನಂಬಿಕೆ. ಆತ ಅಜ್ಜಿಯ ಮುಖದ ಹತ್ತಿರ ಹೋಗಿ, ಎರಡೂ ಕೈ ಬೀಸಿ, "ಎಲ್ಲಿ... ಇಂದ... ಬಂದ್ರಿ?" ಎಂದು ಕೂಗಿದ.

"ಮುಂಡಗೋಡದಿಂದ ಬಂದೀವ್ರಿ," ಎಂದಳು ಅಜ್ಜಿ. "ನನ್ನ ಕಿವಿ ಚಲೋ ಅದಾವ್ರಿ, ಒದರಬ್ಯಾಡ್ರಿ. ಕುಡಿಯಾಕ ಒಂಚೂರು ನೀರು ಕೊಡ್ರಿ."

ಚಿನ್ನಯ್ಯ ಬೀಸಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ನೀರು ತಂದುಕೊಟ್ಟವಳು ಬೋರಕ್ಕ.

ಅಯ್ಯನವರಿಗೆ ಅವರನ್ನು ಒಳಗೆ ಕರೆದುಕೊಳ್ಳುವ ಆಸೆ, ಜೊತೆಗೇ ನಡುಕ. ಇವರು ನಿರಾಶ್ರಿತರು, ಸರ್ಕಾರದ ಲೆಕ್ಕದಲ್ಲಿ ವಿದೇಶಿಯರು. ತಪ್ಪು ಮಾಡಿದರೆ ಇವರಿಗೂ ತೊಂದರೆ, ಚರ್ಚಿಗೂ ತೊಂದರೆ. ಆ ಮಧ್ಯಾಹ್ನವೇ ಜಿಲ್ಲಾಕೇಂದ್ರ ದುರ್ಗಕ್ಕೆ ಹೋಗಿ ಪರಿಚಯದ ವಕೀಲರನ್ನು ಕಂಡು, ಸಂಜೆಗೆ ಒಂದು ಹಾಳೆ ತುಂಬ ಬರೆದುಕೊಂಡು ಬಂದರು. ಚಿನ್ನಯ್ಯನನ್ನು ಕೂರಿಸಿಕೊಂಡು ಓದಿ ಹೇಳಿದರು. ಬಂದವರ ವಿವರವನ್ನು ಒಂದು ಫಾರಂನಲ್ಲಿ ಬರೆದು ಇಪ್ಪತ್ನಾಲ್ಕು ಗಂಟೆಯೊಳಗೆ ಪೊಲೀಸ್ ಠಾಣೆಗೆ ಕೊಡಬೇಕು. ಅವರ ಹತ್ತಿರ ಸರ್ಕಾರ ಕೊಟ್ಟ ನೋಂದಣಿ ಪುಸ್ತಕ ಇರುತ್ತದೆ, ಅದನ್ನು ತೋರಿಸಬೇಕು. ಹೆಂಗಸರು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇರಬೇಕು. ಬೆಂಕಿ ಗಿಂಕಿ ಬಿದ್ದರೆ ಓಡಲು ಹಿಂಬಾಗಿಲಿಗೆ ಏನನ್ನೂ ಅಡ್ಡ ಇಡಬಾರದು. ಮತ್ತೆ, ನಮ್ಮ ಪ್ರಾರ್ಥನೆಗೆ ಬನ್ನಿ ಎಂದು ಒತ್ತಾಯ ಮಾಡಲೇಬಾರದು. ಜಾಗ ಕೊಟ್ಟದ್ದಕ್ಕೆ ಅದು ಬಾಡಿಗೆಯಾಗಬಾರದು.

ಚಿನ್ನಯ್ಯ ಗಂಭೀರವಾಗಿ ತಲೆಯಾಡಿಸಿದ. "ಇದ್ರಾಗೆ ಹೊಸದೇನೈತೆ ಅಯ್ಯನೋರೇ. ನಮ್ಮೋರು ಮಂದೆ ಇಳಿಸೋ ಮುಂಚೆ ಆ ಊರಿನ ಗೌಡ್ರ ಮನೆ ಮುಂದೆ ಹೋಗಿ ನಿಂತ್ಕತೀವಿ. ಇಷ್ಟು ಕುರಿ, ಇಷ್ಟು ಜನ, ಇಷ್ಟು ದಿನ, ಎರಡು ನಾಯಿ ಅಂತ ಹೇಳ್ತೀವಿ. ಹೇಳಿ ಇಳಿಸಿದ ಮಂದೆ ನೆಂಟ್ರಿದ್ದಂಗೆ. ಹೇಳ್ದೆ ಇಳಿಸಿದ್ರೆ ಕಳ್ರು. ಪೊಲೀಸ್ನೋರು ಅಂದ್ರೆ ಪ್ಯಾಟೆ ಗೌಡ್ರು, ಅಷ್ಟೇ ತಾನೇ."

ಅಯ್ಯನವರಿಗೆ ಎಷ್ಟು ಸಮಾಧಾನವಾಯಿತೆಂದರೆ ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಆ ಸಮಾಧಾನ ಅರ್ಧ ಹಾರಿಹೋಯಿತು. ಚಿನ್ನಯ್ಯ ಜಾಲಿಮುಳ್ಳು ಕಡಿದು ತಂದು ಅತಿಥಿಗಳಿದ್ದ ಚರ್ಚಿನ ಸಭಾಂಗಣದ ಸುತ್ತ ಎದೆಮಟ್ಟ ಬೇಲಿ ಕಟ್ಟಿದ್ದ. ಹಿಂಬಾಗಿಲಿಗೆ ಎರಡು ಕೊಂಬೆ ಹೆಚ್ಚಿಗೆ ಹಾಕಿದ್ದ.

"ಏನಿದು ಚಿನ್ನಯ್ಯ?"

"ತೋಳ ಬರ್ದಂಗೆ ಅಯ್ಯನೋರೇ."

ಬೇಲಿ ಬಿಚ್ಚಿಸಲು ಮಧ್ಯಾಹ್ನವಾಯಿತು. ಮುಳ್ಳು ಚುಚ್ಚಿದ್ದು ಅಯ್ಯನವರೊಬ್ಬರಿಗೇ.

ಠಾಣೆಗೆ ವರದಿ ಕೊಡುವ ಕೆಲಸ ಚಿನ್ನಯ್ಯನಿಗೆ ವಿಪರೀತ ಹಿಡಿಸಿತು. ದಫೇದಾರ್ ನಾಗಭೂಷಣ ಒಳ್ಳೆಯ ಮನುಷ್ಯ, ಬೆಂಚಿನ ಮೇಲೆ ಕೂರು ಎಂದಿದ್ದರು. ಅಷ್ಟು ಸಾಕಾಯಿತು. ಟಿಬೆಟನ್ನರು ಜನವರಿಯಲ್ಲಿ ಊರಿಗೆ ಹೋದ ಮೇಲೂ ಚಿನ್ನಯ್ಯ ಠಾಣೆಗೆ ಹೋಗುವುದನ್ನು ಬಿಡಲಿಲ್ಲ. ಅಯ್ಯನವರ ಅತ್ತೆ ಬಂದರೂ ವರದಿ, ಹಾರ್ಮೋನಿಯಂ ರಿಪೇರಿಯವನು ಬಂದರೂ ವರದಿ. ಬೇಸಿಗೆಯಲ್ಲಿ ದೂರದ ಊರಿನಿಂದ ಬಿಷಪ್ ಬಂದು ಉಳಿದರು. ಅವರು ಇಡ್ಲಿ ತಿನ್ನುತ್ತಿರುವಾಗಲೇ ಠಾಣೆಯಿಂದ ಒಬ್ಬ ಪೇದೆ ಬಂದು, ಯಾರೋ ವಿದೇಶದವರು ಇಳಿದಿದ್ದಾರಂತೆ, ಪುಸ್ತಕ ತೋರಿಸಬೇಕಂತೆ ಎಂದ. ಬಿಷಪ್ಪರ ಕೈಯಲ್ಲಿದ್ದ ಇಡ್ಲಿ ಚಟ್ನಿಯೊಳಗೆ ಬಿತ್ತು.

ಆ ದಿನ ನಾಗಭೂಷಣ ಚಿನ್ನಯ್ಯನನ್ನು ಕರೆಸಿ ಕೇಳಿದರು. "ಅಲ್ಲಯ್ಯ, ಅವರು ನಮ್ಮ ದೇಶದೋರೇ ಕಣಯ್ಯ. ಅವರನ್ನ ಯಾಕೆ ವಿದೇಶದೋರು ಅಂತ ಹೇಳ್ದೆ?"

"ನಾ ಹೆಂಗೆ ನಂಬ್ಲಿ ಸ್ವಾಮಿ. ಕಂಬಳಿ ಅಂದ್ರೆ ಗೊತ್ತಿಲ್ಲ, ಮುದ್ದೆ ಅಗಿದು ತಿಂದ್ರು. ನಮ್ಮ ಸ್ವೆಟರ್ ಅಜ್ಜಿ ಅವರಿಗಿಂತ ಸಂದಾಕೆ ಕನ್ನಡ ಮಾತಾಡ್ತಾಳೆ. ನೀವೇ ಹೇಳ್ರಿ, ಇಬ್ರಲ್ಲಿ ವಿದೇಶದೋರು ಯಾರು?"

ನಾಗಭೂಷಣ ಚಹಾ ತರಿಸಿ ಕುಡಿಸಿ ಕಳಿಸಿದರು.

ಹೀಗೆ ಒಂದು ವರ್ಷ ಕಳೆದು ಎರಡನೇ ನವೆಂಬರ್ ಬಂತು. ಒಂದು ಸೋಮವಾರ ಸಂಜೆ ಆರಕ್ಕೆ ಅದೇ ನಾಲ್ವರು ಗೇಟಿನ ಮುಂದೆ ಗಂಟು ಇಳಿಸಿದರು. ಚಿನ್ನಯ್ಯನ ಸಂಭ್ರಮ ಹೇಳತೀರದು. ಗಂಟೆ ಹೊಡೆಯಲು ಹೊರಟವನನ್ನು ಬೋರಕ್ಕ ತಡೆದಳು. ಆದರೆ ಅಯ್ಯನವರಿಗೆ ಅಂದೇ ದಾವಣಗೆರೆಗೆ ಹೋಗುವುದಿತ್ತು, ಮೂರು ದಿನದ ಸಭೆ. ಬಸ್ಸಿಗೆ ಹೊತ್ತಾಗುತ್ತಿದ್ದರೂ ನಾಲ್ಕು ಪುಸ್ತಕಗಳನ್ನು ಇಸಿದುಕೊಂಡು, ನೋಡಿ ನೋಡಿ ನಾಲ್ಕು ಫಾರಂ ತುಂಬಿದರು, ಮಸಿಯ ಪೆನ್ನಿನಲ್ಲಿ ಸಹಿ ಹಾಕಿದರು. ಎಲ್ಲವನ್ನೂ ಚಿನ್ನಯ್ಯನ ಕೈಗಿಟ್ಟರು. "ನಾಳೆ ಸಂಜೆ ಆರರ ಒಳಗೆ ದಫೇದಾರರಿಗೆ ಮುಟ್ಟಿಸಿ. ಹೊಸ ಇನ್ಸ್‌ಪೆಕ್ಟರ್ ಬಂದಿದ್ದಾರೆ, ಬಹಳ ಬಿಗಿಯಂತೆ. ಪುಸ್ತಕ ಜೋಪಾನ ಚಿನ್ನಯ್ಯ, ಅದು ಹೋದರೆ ಅವರ ಗತಿ ಕೆಟ್ಟಿತು."

ಜೋಪಾನ ಎಂದರೆ ಕುರಿಗಾಹಿಗೆ ಒಂದೇ ಅರ್ಥ. ಪೆಟ್ಟಿಗೆ ಇಲ್ಲದ, ಗೋಡೆ ಇಲ್ಲದ, ಬಾಗಿಲು ಇಲ್ಲದ ಬದುಕಿನಲ್ಲಿ ಬೆಲೆಯುಳ್ಳದ್ದನ್ನೆಲ್ಲ ಅವರು ಕಂಬಳಿಯ ಅಂಚಿನಲ್ಲಿಟ್ಟು ಹೊಲಿಯುತ್ತಾರೆ. ಕಂಬಳಿ ಹೆಗಲು ಬಿಟ್ಟು ಹೋಗುವುದಿಲ್ಲವಲ್ಲ. ಚಿನ್ನಯ್ಯ ಗೋಡೆಯಲ್ಲಿ ಸಿಕ್ಕಿಸಿದ್ದ ದಬ್ಬಳ ತೆಗೆದ. ನಾಲ್ಕು ಪುಸ್ತಕಗಳನ್ನು ತೊಳೆದು ಒಣಗಿಸಿದ ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ. ಫಾರಂಗಳು ಕವರಿನಲ್ಲಿ ಹಿಡಿಸಲಿಲ್ಲ, ಅವನ್ನು ಮಡಿಸಿ ಪಕ್ಕದಲ್ಲೇ ಇಟ್ಟ. ಕಂಬಳಿಯ ಅಂಚು ಮಡಿಸಿ, ಹುರಿಯಲ್ಲಿ ಬಿಗಿಯಾಗಿ ಹೊಲಿದು, ಗೂಟಕ್ಕೆ ನೇತುಹಾಕಿದ. ದೇವರೇ ಬಂದು ಹುಡುಕಿದರೂ ಸಿಗದು ಎಂದುಕೊಂಡ. ಬೋರಕ್ಕನಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಯಾಂಗ್‌ಚೆನ್ ಅಜ್ಜಿ ತನ್ನ ಗಂಟು ಬಿಚ್ಚಿ ಒಂದು ಕೆಂಪು ಸ್ವೆಟರ್ ತೆಗೆದಳು. "ಹ್ವಾದ ವರ್ಷ ನಮಗ ಜಾಗಾ ಕೊಟ್ಟೀರಿ. ಇದು ನಿಮಗ ಅಂತ ಇಟ್ಟಿದ್ದೆ. ಬ್ಯಾಡ ಅನಬ್ಯಾಡ್ರಿ."

ಕುರಿಗೆ ಉಣ್ಣೆ ಮಾರುವವರು ಎಂದು ನಕ್ಕಿದ್ದ ಚಿನ್ನಯ್ಯ ಅದನ್ನು ತೊಟ್ಟ. ತೊಟ್ಟ ಮೇಲೆ ತೆಗೆಯಲು ಮನಸ್ಸಾಗಲಿಲ್ಲ. ಮೆತ್ತಗಿತ್ತು, ಚುಚ್ಚುತ್ತಿರಲಿಲ್ಲ, ಎದೆಯ ಮೇಲೆ ಎರಡು ಜಿಂಕೆ ಬೇರೆ. ನೆಹರೂ ಸರ್ಕಲ್ಲಿನವರೆಗೆ ಹೋಗಿ ಒಂದು ಸುತ್ತು ತೋರಿಸಿಕೊಂಡು ಬರೋಣವೆಂದು ಹೊರಟವನು ನಾಲ್ಕು ಸುತ್ತು ಹಾಕಿದ. ಕಂಬಳಿ ಅಂಗಡಿಯ ಮುಂದೆ ಬೇಕೆಂದೇ ನಿಂತ. ಹಿಂದಿರುಗುವಾಗ ಹನ್ನೊಂದೂವರೆ.

ಗೂಟ ಬರಿದಾಗಿತ್ತು.

"ಬೋರಿ, ಕಂಬಳಿ ಎಲ್ಲೈತೆ?"

"ಜುಂಜಣ್ಣ ಬಂದಿದ್ದ. ಕೊಟ್ಟು ಕಳಿಸ್ದೆ," ಎಂದಳು ಬೋರಕ್ಕ ರಾಗಿ ಕೇರುತ್ತ. ಜುಂಜಣ್ಣ ಅವಳ ತಮ್ಮ, ಮಂದೆ ಕಾಯುವವನು. "ಚಳೀಲಿ ಒಂದು ಹರುಕು ಟವಲ್ ಹೊದ್ಕಂಡು ಬಂದಿದ್ದ, ಕರುಳು ಚುರ್ ಅಂತು. ನಿಂಗೆ ಹೆಂಗೂ ಸ್ವೆಟರ್ ಬಂತಲ್ಲ. ಜಿಂಕೆ ಹಾಕ್ಕಂಡು ಮೆರೆಯೋನಿಗೆ ಕಂಬಳಿ ಯಾಕೆ?"

ಆ ಕಂಬಳಿಯ ಅಂಚಿನಲ್ಲಿ ಏನಿತ್ತೆಂದು ಚಿನ್ನಯ್ಯ ಹೇಳಿದ. ವಿಷಯ ತಿಳಿದ ಬೋರಕ್ಕ ಮೊರ ಕೆಳಗಿಟ್ಟು, ಮೊದಲು ಅವನನ್ನು ಬೈದಳು, ಆಮೇಲೆ ತಮ್ಮನನ್ನು ಬೈದಳು, ಕೊನೆಗೆ ಕಂಬಳಿಯನ್ನೂ ಬೈದಳು. ಬೈಯಲು ಇನ್ನೇನೂ ಉಳಿಯದಾದಾಗ ಅತ್ತಳು.

ಅಜ್ಜಿಗೆ ಹೇಳಲೇಬೇಕಿತ್ತು. ಚಿನ್ನಯ್ಯ ಸ್ವೆಟರಿನ ತೋಳು ಹಿಂಡುತ್ತ ಹೇಳಿದ. ಅವಳು ಕೂಗಾಡಲಿಲ್ಲ. ಸ್ವೆಟರ್ ಗಂಟಿನ ಮೇಲೆ ಕೂತಳು. "ಹರೇದಾಕಿ ಇದ್ದಾಗ ನಮ್ಮಪ್ಪನ ಬೆನ್ನ ಹಿಂದ ನಡದು ಬೆಟ್ಟ ದಾಟಿ ಬಂದೀನ್ರಿ. ಅಪ್ಪ ಹ್ವಾದ, ಊರು ಹ್ವಾತು. ನಾ ಯಾರಂತ ಹೇಳಾಕ ಉಳದದ್ದು ಆ ಪುಸ್ತಕ ಒಂದರಿ. ಅದಿಲ್ಲಂದ್ರ ಬಸ್ಸಿನ್ಯಾಗ ಹಿಡದು ಇಳಿಸಿದ್ರೂ ಕೇಳವರಿಲ್ಲ." ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು. "ನಡೀರಿ. ನನ್ನ ಪುಸ್ತಕ ಎಲ್ಲಿ ಹೋಗೈತೋ ನಾನೂ ಅಲ್ಲಿಗೆ ಬರ್ತೀನಿ."

ಜೀವಮಾನದಲ್ಲಿ ಚಿನ್ನಯ್ಯ ಒಂದು ಕುರಿಮರಿಯನ್ನೂ ಕಳೆದವನಲ್ಲ.

ಓಡಿದ್ದು ಪಕ್ಕದ ಮೆಕ್ಯಾನಿಕ್ ಬಾಬು ಸಾಬ್ ಬಳಿಗೆ. ಬಾಬು ಸಾಬ್ ಗ್ಯಾರೇಜಿನಲ್ಲಿ ಆ ಹೊತ್ತು ಓಡುವಂಥದ್ದು ಒಂದೇ ಇತ್ತು, ರಿಪೇರಿಗೆ ಬಂದ ಒಂದು ಲಗೇಜ್ ಆಟೋ. ರಿಪೇರಿ ಅರ್ಧ ಮುಗಿದಿತ್ತು. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಬಡಿದುಕೊಳ್ಳುತ್ತಿತ್ತು, ಮತ್ತೆ ಬಲಕ್ಕೆ ತಿರುಗಿಸುವವರೆಗೆ ನಿಲ್ಲುತ್ತಿರಲಿಲ್ಲ.

"ಫಿಕರ್ ಮಾಡ್ಬೇಡ ಚಿನ್ನಯ್ಯ. ಗಾಡಿ ಓಡ್ಸಿ ನೋಡ್ದೆ ಕೊಟ್ರೆ ಗಿರಾಕಿ ಬೈತಾನೆ. ಟ್ರಯಲ್ ಅಂದ್ಕೊ," ಎಂದು ಬಾಬು ಸಾಬ್ ಹತ್ತಿ ಕೂತರು. ಹಿಂದೆ ಚಿನ್ನಯ್ಯ, ಅಜ್ಜಿ. ಬೋರಕ್ಕ ಬುತ್ತಿ ಕಟ್ಟಿ ಎಸೆದಳು, ಅದನ್ನು ಹಿಡಿದದ್ದು ಅಜ್ಜಿ.

ಜುಂಜಣ್ಣನ ಮಂದೆ ಇರುವುದು ವರವು ಕಾವಲಿನ ಹುಲ್ಲುಗಾವಲಿನಲ್ಲಿ ಎಂದು ಚಿನ್ನಯ್ಯನಿಗೆ ಖಾತ್ರಿ ಇತ್ತು. ಆ ದಾರಿಯಲ್ಲಿ ಎಡ ತಿರುವು ಎಷ್ಟಿವೆ ಎಂದು ಅವನಿಗೆ ಅಂದೇ ತಿಳಿದದ್ದು. ಹಳ್ಳಿ ಹಳ್ಳಿಯಲ್ಲೂ ಜನ ಬಾಗಿಲಿಗೆ ಬಂದರು. ಹಾರ್ನ್ ಹೊಡೆಯುತ್ತ ಬರುವ ಗಾಡಿ, ಒಳಗೆ ಕೆಂಪು ಸ್ವೆಟರ್ ತೊಟ್ಟ ಮುದುಕ, ಪಕ್ಕದಲ್ಲಿ ಉದ್ದ ಲಂಗದ ಅಪರಿಚಿತ ಅಜ್ಜಿ. ಮದುವೆ ದಿಬ್ಬಣವೆಂದು ತಿಳಿದ ಒಬ್ಬಾಕೆ ಅಕ್ಷತೆಗೆ ಕೈ ಎತ್ತಿದಳು. ಅಜ್ಜಿ ಎದ್ದು ನಿಂತು ನಮಸ್ಕಾರ ಮಾಡಿದಳು. ಬಾಬು ಸಾಬ್ ನಕ್ಕ ನಗುವಿಗೆ ಗಾಡಿ ಎಡಕ್ಕೆ ವಾಲಿ ಹಾರ್ನ್ ಮತ್ತೆ ಶುರುವಾಯಿತು. ಅಷ್ಟು ಸಂಕಟದಲ್ಲೂ ಚಿನ್ನಯ್ಯನಿಗೆ ನಗು ಬಂತು, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಅಜ್ಜಿ ಬುತ್ತಿ ಬಿಚ್ಚಿ ಅವನ ಕೈಗೆ ರೊಟ್ಟಿ ಇಟ್ಟಳು. "ತಿನ್ರಿ. ಹಸದು ಹುಡುಕಿದ್ರ ಲಗೂನ ಸಿಗತೈತೇನು?"

ಕಾವಲಿನಲ್ಲಿ ಕಣ್ಣು ಹಾಯುವವರೆಗೂ ಹುಲ್ಲು, ಹುಲ್ಲಿನ ಮೇಲೆ ಗಾಳಿ. ಜುಂಜಣ್ಣ ಇರಲಿಲ್ಲ. ದನ ಮೇಯಿಸುತ್ತಿದ್ದ ಮುದುಕ ತಿಪ್ಪಯ್ಯ ಹೇಳಿದ, "ಅವರ ಮಂದೆ ಮೊನ್ನೇನೇ ಬಿ.ಜಿ. ಕೆರೆ ಕಡೆ ಹೋತು. ಜುಂಜಣ್ಣಂಗೂ ಗೊತ್ತಿರ್ಲಿಲ್ಲ. ಬೆಳಿಗ್ಗೆ ಬಂದು ನೋಡಿ, ಲಾರಿ ಹತ್ತಿ ಹೋದ. ಕಂಬಳಿ ಬಲು ಬೆಚ್ಚಗೈತೆ, ಆದ್ರೆ ಒಂದು ಕಡೆ ಭಾರ ಅಂತಿದ್ದ."

ಬಿ.ಜಿ. ಕೆರೆ ಮುಟ್ಟುವಾಗ ಮೂರೂಮುಕ್ಕಾಲು. ದೊಡ್ಡೀರಪ್ಪ ಎಂಬ ರೈತರ ಶೇಂಗಾ ಹೊಲದಲ್ಲಿ ಮಂದೆ ಇಳಿದಿತ್ತು. ಹೊಲಕ್ಕೆ ಹೋಗುವ ದಾರಿ ಎಡಕ್ಕೇ ಇತ್ತು. ಹಾರ್ನ್ ಕೇಳಿ ಇನ್ನೂರು ಕುರಿ ನಾಲ್ಕು ದಿಕ್ಕಿಗೆ ಚದುರಿದವು. ದೊಡ್ಡೀರಪ್ಪ ಸೊಂಟದ ಮೇಲೆ ಕೈಯಿಟ್ಟು, "ಎವುರಯ್ಯ ಮೀರು," ಎಂದು ಯಾರು ನೀವೆಂಬುದನ್ನಷ್ಟೇ ತೆಲುಗಿನಲ್ಲಿ ಕೇಳಿ, ಉಳಿದದ್ದನ್ನು ಕನ್ನಡದಲ್ಲಿ ಬೈದು ಮುಗಿಸಿದರು.

"ಲೇ ಜುಂಜಣ್ಣ, ಕಂಬಳಿ ಎಲ್ಲೋ?" ಎಂದು ಚಿನ್ನಯ್ಯ ಕೂಗಿದ.

ಜುಂಜಣ್ಣ ಬರೀ ಮೈಯಲ್ಲಿದ್ದ. ಬದುವಿನ ಮರೆಗೆ ಕೈ ತೋರಿಸಿದ. ಅಲ್ಲಿ ಒಂದು ಕುರಿ ಆಗಷ್ಟೇ ಈದಿತ್ತು, ಅವಳಿ. ಕಂಬಳಿಯ ಮಡಿಕೆಯಲ್ಲಿ ಎರಡು ಒದ್ದೆ ಮರಿಗಳು ಒಂದರ ಮೇಲೊಂದು ಮಲಗಿದ್ದವು. "ಗಾಳಿಗೆ ನಡುಗ್ತಿದ್ವು ಬಾವ. ಅಕ್ಕ ಕೊಟ್ಟಿದ್ದು ಒಳ್ಳೇದಾತು ನೋಡು."

ಚಿನ್ನಯ್ಯ ತನ್ನ ಸ್ವೆಟರ್ ಬಿಚ್ಚಿ ಹಾಸಿದ. ಅಜ್ಜಿ ಮರಿಗಳನ್ನು ಎತ್ತಿ ಜಿಂಕೆಗಳ ಮೇಲೆ ಮಲಗಿಸಿದಳು. ಕುರಿಮರಿ ಹೇಗೆ ಎತ್ತಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿನ್ನಯ್ಯ ಕಂಬಳಿಯ ಅಂಚಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಮೊದಲು ಬಂದದ್ದು ಫಾರಂಗಳು, ಒದ್ದೆಯಾಗಿ, ಮಸಿಯೆಲ್ಲ ಹರಡಿ, ಅಯ್ಯನವರ ಸಹಿ ನೀಲಿ ಕೊಚ್ಚೆಯಾಗಿತ್ತು. ಆಮೇಲೆ ಹಾಲಿನ ಕವರು. ಕವರು ಬಿಚ್ಚಿದ್ದು ಬಾಬು ಸಾಬ್. ಒಳಗೆ ನಾಲ್ಕು ಪುಸ್ತಕಗಳೂ ಒದ್ದೆಯಾಗದೆ ಹಾಗೆಯೇ ಇದ್ದವು.

ಯಾಂಗ್‌ಚೆನ್ ತನ್ನ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ಆಗ ಮೊದಲ ಸಲ ಅವಳು ಅತ್ತಳು. ಚಿನ್ನಯ್ಯ ಉಳಿದ ಮೂರನ್ನೂ ಅವಳ ಕೈಗೇ ಕೊಟ್ಟ. "ನಿಮ್ಮ ಪುಸ್ತಕ ನಿಮ್ಮ ಹತ್ರನೇ ಇರ್ಲಿ ಅಜ್ಜಿ. ನಂದು ತಪ್ಪಾತು. ಕುರೀನ ಕಾಯ್ತೀನಿ ಅಂತ ಅದರ ಗುರುತಿನ ಕಿವಿ ಕುಯ್ದು ನನ್ನ ಹತ್ರ ಇಟ್ಕಂಡಂಗಾತು. ಇನ್ಮೇಲೆ ನಾ ಬರೀ ಜೊತೆಗೆ ಬರ್ತೀನಿ, ಮುಟ್ಟಲ್ಲ."

ಠಾಣೆಗೆ ಬರುವಾಗ ಐದು ಗಂಟೆ ನಲವತ್ತು ನಿಮಿಷ. ದಾರಿಯಲ್ಲಿ ಬಲ ತಿರುವೇ ಹೆಚ್ಚಿದ್ದದ್ದು ಪುಣ್ಯ. ನಾಗಭೂಷಣ ಗಡಿಯಾರ ನೋಡುತ್ತಿದ್ದರು. ಬನಿಯನ್ನಿನಲ್ಲಿದ್ದ ಚಿನ್ನಯ್ಯನನ್ನೂ, ಹೆಗಲ ಮೇಲಿನ ಒದ್ದೆ ಕಂಬಳಿಯನ್ನೂ, ಹಿಂದಿದ್ದ ಅಜ್ಜಿಯನ್ನೂ ನೋಡಿ ಮೂಗು ಮುಚ್ಚಿಕೊಂಡರು. ಪುಸ್ತಕಗಳನ್ನು ತಿರುವಿ ನೋಡಿ, ಸರಿಯಿವೆ ಎಂದು ಅಜ್ಜಿಗೇ ಹಿಂದಿರುಗಿಸಿದರು. ಫಾರಂಗಳನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ನಡೆಯಲ್ಲ ಚಿನ್ನಯ್ಯ. ಬೇರೆ ಬರೀಬೇಕು. ಜಾಗ ಕೊಟ್ಟೋರ ಸಹಿ ಬೇಕು. ನಿಮ್ಮ ಅಯ್ಯನೋರು ಎಲ್ಲಿ?"

"ದಾವಣಗೆರೇಲಿ. ಗುರುವಾರ ಬರ್ತಾರೆ."

"ಆರು ಗಂಟೆಗೆ ನಾನು ಈ ಕಡತ ಸಾಹೇಬ್ರ ಮೇಜಿಗೆ ಇಡ್ಬೇಕು. ಇವರ ಹೆಸರು ಅದ್ರಾಗಿದ್ರೆ ನೆಂಟ್ರು. ಇಲ್ದಿದ್ರೆ ದುರ್ಗಕ್ಕೆ ಕಳಿಸಿ ವಿಚಾರ್ಸಿ ಅಂತಾರೆ. ಆಮೇಲೆ ನನ್ನ ಕೈಲಿಲ್ಲ." ನಾಗಭೂಷಣ ನಾಲ್ಕು ಹೊಸ ಫಾರಂ ತೆಗೆದು ಪೆನ್ನು ಬಿಚ್ಚಿ, ಪುಸ್ತಕ ನೋಡಿ ಬೇಗ ಬೇಗ ವಿವರ ತುಂಬಿದರು. ಅವರ ಮುಖದಲ್ಲೂ ಸಂಕಟವಿತ್ತು. "ಅಯ್ಯನೋರು ಇಲ್ದಾಗ ಆ ಜಾಗ ಯಾರ ಸುಪರ್ದಿಲಿ ಐತೆ? ಇವರು ಇವತ್ತು ಯಾರ ಆಶ್ರಯದಾಗವ್ರೆ? ಅವರ ಹೆಸರು ಹೇಳು, ಬರ್ಕೊತೀನಿ."

ಇಷ್ಟು ವರ್ಷ ಚಿನ್ನಯ್ಯನೇ ಯಾರದೋ ಹೊಲದಲ್ಲಿ, ಯಾರದೋ ಕಾಂಪೌಂಡಿನಲ್ಲಿ, ಯಾರದೋ ದಯೆಯಲ್ಲಿ ಉಳಿದವನು. ಉಡಿದಾರದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ.

"ಚಿನ್ನಯ್ಯ ಅಂತ ಬರ್ಕಳ್ರಿ," ಎಂದ. "ಬೀಗದ ಕೈ ನನ್ನ ಹತ್ರ ಐತೆ. ಅವರು ಏನೇ ಮಾಡಿದ್ರೂ, ಏನೇ ಆದ್ರೂ ನನ್ನನ್ನ ಕೇಳ್ರಿ."

ನಾಗಭೂಷಣ ಬರೆದುಕೊಂಡರು. "ಊರು?"

ಚಿನ್ನಯ್ಯನ ಕೈ ಎಂದಿನಂತೆ ಗಾಳಿಯಲ್ಲಿ ಎದ್ದಿತು. ಯಾವ ಕಡೆ ತೋರಿಸುವುದೆಂದು ತಿಳಿಯದೆ ಅಲ್ಲೇ ನಿಂತಿತು. ಆಗ ಯಾಂಗ್‌ಚೆನ್ ಅಜ್ಜಿ ಅವನ ಕೈ ಹಿಡಿದು ಮೆಲ್ಲಗೆ ಮೇಜಿನ ಮೇಲೆ ಇಳಿಸಿದಳು.

"ಚಳ್ಳಕೇರಿಯವ್ರರಿ ಇವ್ರು," ಎಂದಳು ದಫೇದಾರರಿಗೆ. "ನಾವು ಇವ್ರ ಮನಿಗೆ ಬಂದೀವಿ."

ನಾಗಭೂಷಣ ಚಳ್ಳಕೆರೆ ಎಂದು ಬರೆದರು. ಹಾಳೆಗಳನ್ನು ತಿರುಗಿಸಿ ಮಸಿಯ ಡಬ್ಬಿ ಮುಂದಿಟ್ಟರು. ಚಿನ್ನಯ್ಯ ಹೆಬ್ಬೆರಳನ್ನು ಬನಿಯನ್ನಿಗೆ ಒರೆಸಿ, ಮಸಿಗೆ ಅದ್ದಿ, ನಾಲ್ಕೂ ಫಾರಂಗಳ ಮೇಲೆ ಗಟ್ಟಿಯಾಗಿ ಒತ್ತಿದ. ಆರು ಗಂಟೆಗೆ ಇನ್ನೂ ಐದು ನಿಮಿಷ ಇತ್ತು.

"ಏನು ಬರದ್ರಿ ಅಂತ ಒಂದಪ ಓದ್ರಿ ಸ್ವಾಮಿ," ಎಂದ.

ನಾಗಭೂಷಣ ಓದಿದರು. ಆಶ್ರಯ ಕೊಟ್ಟವರ ಹೆಸರು ಚಿನ್ನಯ್ಯ, ಊರು ಚಳ್ಳಕೆರೆ. ಹೊರಗೆ ಬಾಬು ಸಾಬ್ ಗಾಡಿಯನ್ನು ಎಡಕ್ಕೆ ತಿರುಗಿಸುತ್ತಿದ್ದರೋ ಏನೋ, ಹಾರ್ನ್ ಶುರುವಾಗಿತ್ತು, ಕೊನೆಯ ಮಾತು ಸರಿಯಾಗಿ ಕೇಳಲಿಲ್ಲ.

"ಇನ್ನೊಂದಪ ಓದ್ರಿ," ಎಂದ ಚಿನ್ನಯ್ಯ. ನಾಗಭೂಷಣ ಇನ್ನೊಮ್ಮೆ ಓದಿದರು.